ದೊಡ್ಡ ಓ

ಜೂನ್ 4, ಬೆಳಿಗ್ಗೆ
ಹಾಲು ಕಾಯಿಸಿದೆ. ಉಕ್ಕಿಸಿದೆ. ಬೈಗುಳವಿಲ್ಲ. ಹೆಂಡತಿಗೆ ಗಂಟಲಿನ ಆಪರೇಷನ್ ಆಗಿ ಎರಡು ವಾರ, ದನಿ ಇನ್ನೂ ಬಂದಿಲ್ಲ. ಸಿಟ್ಟೆಲ್ಲ ಮೊಬೈಲಿನಲ್ಲಿ ಟೈಪು. “ರೀ, ಒಲೆ ನೋಡ್ರೀ” — ಕನ್ನಡಕ ಹುಡುಕಿ ಓದುವಷ್ಟರಲ್ಲಿ ಹಾಲು ನೆಲ ಸೇರಿತ್ತು. ಮನೆ ಶಾಂತ, ನಾನು ಸಂತ... ಆದರೂ ಬಣಬಣ.

ಜೂನ್ 6
ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿದ್ದೆವು. “ಮೇಡಂ, ‘ಒ’ ಅನ್ನಿ.” ಬಂತು, ಪುಟ್ಟದಾಗಿ. “ಈಗ ‘ಓ’. ಎಳೀರಿ.” ಬರೀ ಗಾಳಿ.
ಇವಳು ಆಟದ ಟೀಚರ್. ಮೈದಾನದ ಆ ತುದಿಯ ಮಕ್ಕಳನ್ನು ಈ ತುದಿಯಿಂದ ಕೂಗಿ ನಿಲ್ಲಿಸುವವಳು. ದನಿ ಬಾರದಿದ್ದರೆ ಆಫೀಸಿನಲ್ಲಿ ಕೂರಿಸುತ್ತಾರಂತೆ. ಬಸ್ಸಿನಲ್ಲಿ ಟೈಪು ಮಾಡಿದಳು: “ಕುರ್ಚಿ ನನ್ನ ಕೈಲಾಗಲ್ಲ.”

ಜೂನ್ 7, ಮಧ್ಯಾಹ್ನ, ಪ್ರೆಸ್
ವಿಜ್ಞಾನ ಪುಸ್ತಕದ ಪ್ರೂಫು ತಿದ್ದುತ್ತಿದ್ದೆ. ‘ಒಮೆಗಾ’ದಲ್ಲಿ ತಡೆದೆ — ‘ಒ’ನೋ, ‘ಓ’ನೋ? ದೊಡ್ಡ ಡಿಕ್ಷನರಿ ಇಳಿಸಿದೆ. ಗ್ರೀಕರಿಗೂ ನಮ್ಮ ಹಾಗೆ ಎರಡಂತೆ: ಒಮಿಕ್ರಾನ್ ಅಂದರೆ ಚಿಕ್ಕ ಒ, ಒಮೆಗಾ ಅಂದರೆ ದೊಡ್ಡ ಓ. ಈ ‘ಮೆಗಾ’ ನಮ್ಮ ‘ಮಹಾ’ದ ದಾಯಾದಿ, ಬೇರು ಒಂದೇ. ದೊಡ್ಡದು, ಎತ್ತರದ್ದು, ಹಿರಿದು... ಗಟ್ಟಿ ದನಿಗೂ ಗ್ರೀಕರಲ್ಲಿ ಅದೇ ಪದ. ಜಂಬದ ಮಾತಿಗೂ. ಇಪ್ಪತ್ತು ವರ್ಷದ ಸಂಸಾರ. ಕಟ್ಟಿಕೊಂಡವಳು ಗ್ರೀಕಳು ಅಂತ ಇವತ್ತು ಗೊತ್ತಾಯಿತು.
ಸಂಜೆ ಹೇಳಿದೆ. ದನಿಯಿಲ್ಲದೆ ಭುಜ ಕುಣಿಸಿ ನಕ್ಕಳು. ಟೈಪು: “ದನಿ ನಂದು. ಜಂಬ ನಿಮ್ಮದು.”

ಜೂನ್ 19
ಬರೆಯಲು ಮನಸ್ಸಿರಲಿಲ್ಲ. ದಿನವಿಡೀ ಒ, ಒ, ಒ. ದೀರ್ಘ ಹತ್ತುವುದೇ ಇಲ್ಲ. ಮೊನ್ನೆ ಅತ್ತುಬಿಟ್ಟಳು.
ಇವತ್ತು ಥೆರಪಿಸ್ಟ್ ಅಂದರು, “ಒತ್ತಾಯ ಬೇಡ ಮೇಡಂ, ಆಕಳಿಸ್ತಾ ದನಿ ಹಾಗೇ ಬಿಡಿ.” ಮನೆಗೆ ಬಂದು ಇಬ್ಬರೂ ಸೋಫಾದಲ್ಲಿ ಕೂತು ಆಕಳಿಸಿದೆವು. ನನಗೆ ನಿದ್ದೆ ಬಂತು. ಅವಳಿಗೆ... ‘ಓ’ ಬಂತು! ಒಡಕಲು, ನಡುಕಲು, ಆದರೂ ದೀರ್ಘ. ಎಬ್ಬಿಸಿ ಇನ್ನೊಂದು ಸಲ ಕೇಳಿಸಿದಳು.

ಜುಲೈ 2, ಸಂಜೆ
ಮತ್ತೆ ಮೈದಾನ! ಜೋರಾಗಿ ಕೂಗಲು ಅಪ್ಪಣೆಯಿಲ್ಲ. ಶಾಲೆಯವರು ಕೈಗೆ ಮೆಗಾಫೋನು ಕೊಟ್ಟಿದ್ದಾರೆ. ಪಿಸುಗುಟ್ಟಿದರೂ ಮಕ್ಕಳು ಸಾಲು ನಿಂತವಂತೆ. ಕುರ್ಚಿ ತಪ್ಪಿತು. ಆ ಭೋಂಗಾ ಈಗ ನಮ್ಮ ಅಡುಗೆಮನೆಯಲ್ಲಿದೆ. ಅಕ್ಕಪಕ್ಕದವರ ಗತಿ ಏನೋ. ನನಗಂತೂ—
“ರೀ! ಆಗಿಂದ ಕರೀತಿದೀನಿ. ಓ ಅನ್ನೋಕೆ ನಿಮಗೂ ಆಪರೇಷನ್ ಆಗಿದ್ಯಾ?”
ಓ, ಬಂ—