ಮುಂದಿನ ಗೇಟಿನಿಂದ ಬಂದ ಪಾದ್ರಿ

ಕೂರಾಂಗ ಕ್ರೀಕ್, ವಿಕ್ಟೋರಿಯಾ
ಮಂಗಳವಾರ, ೨೪ ಅಕ್ಟೋಬರ್ ೧೯೧೬

ಮಗಳು ಜೆಸ್ಸಿಗೆ,

‘ಪ್ರೀತಿಯ’ ಎಂದು ಬರೆಯಲು ಇವತ್ತು ಕೈ ಬರಲಿಲ್ಲ. ಆ ಮಾತು ಎಲ್ಲಿಗೂ ಹೋಗಿಲ್ಲ, ಕೋಪ ಇಳಿದ ಮೇಲೆ ತನ್ನ ಜಾಗಕ್ಕೆ ತಾನೇ ಬರುತ್ತದೆ. ಅರ್ಧ ಮೈಲಿ ನಡೆದು ಬರುವ ಬದಲು ಕಾಗದ ಬರೆಯುತ್ತಿರುವುದಕ್ಕೂ ಕೋಪವೇ ಕಾರಣ. ನಾನು ಬಂದರೆ ನನ್ನ ದನಿ ಏರುತ್ತದೆ, ನಿನ್ನ ಗಂಡನ ಚರ್ಚಿನವರೆಲ್ಲ ಕಿಟಕಿಗೆ ಬಂದು ನಿಲ್ಲುತ್ತಾರೆ. ಹ್ಯೂ ನಾಳೆ ಕೆನೆಯ ಡಬ್ಬಿಗಳನ್ನು ಬೆಣ್ಣೆ ಕಾರ್ಖಾನೆಗೆ ಒಯ್ಯುವಾಗ ಇದನ್ನು ನಿನ್ನ ಕೈಗೆ ಕೊಡುತ್ತಾನೆ. ನಿನ್ನ ತಮ್ಮನಿಗೆ ಬಿಸಿ ಚಹಾ ಕೊಟ್ಟು ಕಳಿಸು. ಅವನ ಮುಂದೆ ಶನಿವಾರದ ಮತದಾನದ ಮಾತು ಎತ್ತಬೇಡ.

ಮೊದಲು ನಿನಗೆ ಬೇಕಾದ ಉತ್ತರ. ಕಡ್ಡಾಯ ಸೈನ್ಯಭರ್ತಿಗೆ ಮತ ಕೇಳುವ ಗುರುವಾರದ ಸಭೆಯಲ್ಲಿ ನಾನು ವೇದಿಕೆಯ ಮೇಲೆ ಕೂರುವುದಿಲ್ಲ.

ಭಾನುವಾರ ನನ್ನ ಅಡುಗೆಮನೆಯಲ್ಲಿ ಕೂತು, ನಾನು ಬೇಯಿಸಿದ ಸ್ಕೋನ್ ರೊಟ್ಟಿಗೆ ಜ್ಯಾಮ್ ಸವರುತ್ತ ನೀನು ಏನೆಂದೆ? “ಅಮ್ಮಾ, ನೀನು ಎದ್ದು ನಿಂತು ‘ಹೌದು’ ಅನ್ನೋದಕ್ಕೆ ಗುರುತು ಹಾಕಿ ಅಂದ್ರೆ ಸಾಕು, ಊರಿನ ಹೆಂಗಸರೆಲ್ಲ ಹಾಕ್ತಾರೆ. ನಿನ್ನ ಮಾತು ಮೀರೋ ಧೈರ್ಯ ಯಾರಿಗಿದೆ ಹೇಳು?” ಹೊಗಳಿಕೆ ಎಂದು ಗೊತ್ತಿದ್ದರೂ ಹಿತವಾಗಿಯೇ ಇತ್ತು. ಕಾಲಿನ್ ಫ್ರಾನ್ಸಿನಲ್ಲಿ ಹೋರಾಡುತ್ತಿದ್ದಾನೆ, ಅವನ ತಾಯಿ ನಾನು, ಹೇಳುವ ಹಕ್ಕು ನನಗಿದೆ ಎಂದುಕೊಂಡೆ. ಟೋಪಿಯನ್ನೂ ಬ್ರಷ್ ಮಾಡಿ ತೆಗೆದಿಟ್ಟಿದ್ದೆ.

ಮರುದಿನ ಸೋಮವಾರ. ಊರಿಗೆಲ್ಲ ಬಟ್ಟೆ ಒಗೆಯುವ ದಿನ. ಅವತ್ತೇ ನಿನ್ನ ಗಂಡ ಆರ್ಚಿ ಮತಯಾಚನೆಯ ಚೀಟಿಗಳನ್ನು ಹಿಡಿದು ನಮ್ಮ ಬೀದಿಗೆ ಇಳಿದ. ಕರಿ ಕೋಟು, ಬಿಳಿ ಕಾಲರು, ನಡುಬೀದಿಯ ನಡಿಗೆ. ಮ್ಯಾಗ್ಪೈ ಹಕ್ಕಿಯೊಂದು ಅವನ ತಲೆಗೆ ಎರಡು ಸಲ ಎರಗಿತಂತೆ. ಹಕ್ಕಿಗಾದರೂ ಬುದ್ಧಿಯಿತ್ತು.

ನಮ್ಮ ಬೀದಿಯಲ್ಲಿ ಮುಂದಿನ ಗೇಟನ್ನು ಯಾರು ಬಳಸುತ್ತಾರೆ, ಜೆಸ್ಸಿ? ಹಾಲಿನವನಿಂದ ಹಿಡಿದು ಡಾಕ್ಟರರವರೆಗೆ ಎಲ್ಲರೂ ಹಿತ್ತಲಿನಿಂದಲೇ ಬರುತ್ತಾರೆ. ಮಗ ಗಾಯಗೊಂಡರೆ ತಂತಿಯನ್ನು ಅಂಚೆಯ ಹುಡುಗ ತರುತ್ತಾನೆ. ಸತ್ತರೆ ಪಾದ್ರಿ ತರುತ್ತಾನೆ. ಅದು ಸರ್ಕಾರವೇ ಮಾಡಿದ ಏರ್ಪಾಡು. ಹೋದ ವರ್ಷದಿಂದ ಆರ್ಚಿ ಈ ಊರಿನಲ್ಲಿ ಹನ್ನೊಂದು ಮುಂದಿನ ಗೇಟುಗಳನ್ನು ತೆರೆದಿದ್ದಾನೆ. ಅದರ ಅರ್ಥ ಅವನಿಗೆ ತಿಳಿಯದೆ?

ನೆರೆಯ ಲವಿನಿಯಾ ಟ್ರೆಗೀರ್ ಹಿತ್ತಲಲ್ಲಿ ತಾಮ್ರದ ಹಂಡೆಗೆ ಬೆಂಕಿ ಹಾಕಿ ಬಟ್ಟೆ ಕುದಿಸುತ್ತಿದ್ದಳು. ಮನೆಯ ಪಕ್ಕದ ಸಂದಿಯಿಂದ ಕರಿ ಕೋಟು ಗೇಟು ತಳ್ಳಿದ್ದು ಕಂಡಿತು. ಅವಳಿಗಿರುವುದು ಮಗ ಪರ್ಸಿ ಒಬ್ಬನೇ. ಕಾಲಿನ್ ಇರುವ ದಳದಲ್ಲಿಯೇ ಇದ್ದಾನೆ. ಒಳಗೆ ಓಡಿ ಮುಂಬಾಗಿಲಿಗೆ ಚಿಲಕ ಹಾಕಿ ನೆಲದ ಮೇಲೆ ಕೂತುಬಿಟ್ಟಳು. ಬಾಗಿಲು ತೆರೆಯದಿದ್ದರೆ ಸುದ್ದಿ ಒಳಗೆ ಬರುವುದಿಲ್ಲವಲ್ಲ! ಆರ್ಚಿ ತಟ್ಟಿದ. “ಮಿಸೆಸ್ ಟ್ರೆಗೀರ್, ಮನೇಲಿದ್ದೀರಾ?” ಎಂದು ಕೂಗಿದ. ಆಮೇಲೆ ಚೀಟಿಯನ್ನು ಬಾಗಿಲಿನ ಸಂದಿಯಲ್ಲಿ ಒಳಗೆ ತಳ್ಳಿ ಮುಂದಿನ ಮನೆಗೆ ಹೋದ.

ಆ ಕಾಗದ ನೆಲದ ಮೇಲೆ ಜಾರಿಕೊಂಡು ತನ್ನ ಕಾಲಿನ ಹತ್ತಿರ ಬಂದು ನಿಂತದ್ದನ್ನು ಲವಿನಿಯಾ ನೋಡಿದಳು.

ನಾನು ನೀಲಿಪುಡಿ ಕೇಳಲು ಹಿತ್ತಲಿನಿಂದ ಹೋದಾಗ ಅವಳು ಹಂಡೆಯ ಮುಂದೆ ನಿಂತು ಕೋಲಿನಿಂದ ತಿರುವುತ್ತಿದ್ದಳು. ನೀರು ಟಾರಿನಷ್ಟು ಕಪ್ಪಗಿತ್ತು. ಅವಳ ಮೊಣಕೈವರೆಗೂ ಕಪ್ಪು. “ಏನ್ರೀ ಇದು?” ಎಂದೆ. ತಿರುಗಿಯೂ ನೋಡದೆ, “ಇರೋದೇ ಎರಡು ಒಳ್ಳೆ ಉಡುಪು, ಹೆಸ್ಟರ್. ಎರಡನ್ನೂ ಕಪ್ಪು ಬಣ್ಣಕ್ಕೆ ಹಾಕಿದೀನಿ. ನೀಲಿದೂ ಹಾಕಿದೆ” ಎಂದಳು. ಇಪ್ಪತ್ತು ವರ್ಷದ ನೆರೆಯಲ್ಲಿ ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಒಳಗೆ ಹೋಗಿ ನೋಡಿದೆ. ಕಾಗದ ಬಿದ್ದಲ್ಲೇ ಇತ್ತು. ಅವಳು ಮುಟ್ಟಿರಲಿಲ್ಲ. ನಾನು ಎತ್ತಿ ಓದಿದೆ. ‘ಹೌದು ಎಂದು ಮತ ನೀಡಿ, ನಮ್ಮ ಹುಡುಗರನ್ನು ಕೈಬಿಡಬೇಡಿ.’ ಹೊರಗೆ ಬಂದು ಅವಳ ಭುಜ ಹಿಡಿದು ಅಲುಗಿಸಿದೆ. “ಪರ್ಸಿ ಬದುಕಿದಾನೆ ಕಣೇ. ಇದು ಓಟಿನ ಚೀಟಿ. ಬರೀ ಓಟಿನ ಚೀಟಿ!”

ಅವಳು ನಕ್ಕಳು. ಬಾಯಿಗೆ ಕಪ್ಪು ಕೈ ಅಡ್ಡ ಹಿಡಿದು ನಕ್ಕಳು, ಮುಖವೆಲ್ಲ ಮಸಿಯಾಯಿತು. ಆಮೇಲೆ ಹಂಡೆಯೊಳಗೆ ಇಣುಕಿ, “ಅಯ್ಯೋ, ನನ್ನ ನೀಲಿ ಉಡುಪು ಹೋಯ್ತಲ್ಲ ಮಿಸೆಸ್ ಮಕ್ರೇ” ಎಂದಳು. ಅಲ್ಲಿಂದ ಅಳು ಶುರುವಾಯಿತು. ಹೊತ್ತು ಮುಳುಗುವವರೆಗೂ ನಿಲ್ಲಲಿಲ್ಲ.

ಕಪ್ಪು ಬಣ್ಣದ ಪೊಟ್ಟಣವನ್ನು ಹೋದ ವರ್ಷವೇ ತಂದಿಟ್ಟುಕೊಂಡಿದ್ದಳಂತೆ. ಯಾಕೆ ಎಂದು ನಾನು ಕೇಳಲಿಲ್ಲ. ಈ ಬೀದಿಯ ಯಾವ ಹೆಂಗಸೂ ಕೇಳುವುದಿಲ್ಲ.

ಸಂಜೆ ಆರ್ಚಿಗೆ ವಿಷಯ ತಿಳಿದು ನನ್ನ ಹತ್ತಿರ ಬಂದ. ಹಿತ್ತಲಿನಿಂದಲೇ ಬಂದ, ಅಷ್ಟು ಕಲಿತಿದ್ದ. “ಅತ್ತೆ, ನಾನು ತಂತಿ ಏನೂ ತಂದಿರಲಿಲ್ಲವಲ್ಲ. ಅವರು ಹೆದರಿದ್ರೆ ನಾನೇನು ಮಾಡಲಿ?” ಎಂದ. ಆ ಒಂದು ಮಾತಿಗೆ ನಾನು ಅವನನ್ನು ಕ್ಷಮಿಸಿಲ್ಲ. ಸಿಟ್ಟು ನುಂಗಿಕೊಂಡು, “ಚಹಾ ಆರಿದೆ, ಮನೆಗೆ ಹೋಗಪ್ಪಾ” ಎಂದಷ್ಟೇ ಅಂದೆ.

ಈಗ ಮತದಾನದ ಮಾತು. ಎರಡು ವರ್ಷದ ಹಿಂದೆ ಲಂಡನ್ನಿನಲ್ಲಿ ಯುದ್ಧ ಸಾರಿದರು. ಇಲ್ಲಿಗೆ ಸುದ್ದಿ ತಲುಪುವಷ್ಟರಲ್ಲಿ ನಾವೂ ಯುದ್ಧದೊಳಗಿದ್ದೆವು. ಬೆಲ್ಜಿಯಂ ಎಲ್ಲಿದೆ ಎಂದು ನಿನ್ನ ಹಳೆಯ ಶಾಲೆಯ ಭೂಪಟದಲ್ಲಿ ಹುಡುಕಿದ್ದು ನೆನಪಿದೆಯೇ? ಆವತ್ತು ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ಹೌದು ಎಂದೇ ಹೇಳುತ್ತಿದ್ದೆ, ಸುಳ್ಳಾಡುವುದಿಲ್ಲ. ಕಾಲಿನ್ ಹೊರಟಾಗ ನಿಲ್ದಾಣದಲ್ಲಿ ನಾನು ಅಳಲಿಲ್ಲ, ಬ್ಯಾಂಡಿನವರಿಗೆ ಕೇಕು ಹಂಚಿದೆ. ಅವನು ತಾನಾಗಿ ಹೋದ. ಆ ಹೆಮ್ಮೆ ಇವತ್ತಿಗೂ ನನ್ನದೇ.

ಈಗ ಕೇಳುತ್ತಿದ್ದಾರೆ. ಮನಸ್ಸಿಲ್ಲದವರನ್ನೂ ಹಿಡಿದು ಹಡಗು ಹತ್ತಿಸೋಣವೇ ಎಂದು ಶನಿವಾರ ನಮ್ಮನ್ನೇ ಕೇಳುತ್ತಾರೆ. ಹ್ಯೂಗೆ ಇಪ್ಪತ್ತೆರಡು. ಅವನು ಹೋಗುವುದಿಲ್ಲ ಎಂದು ಒಂದೇ ಸಲ ಹೇಳಿದ್ದಾನೆ, ಹಸು ಕರೆಯುತ್ತ, ತಲೆ ಎತ್ತದೆ. ಮೊನ್ನೆಯವರೆಗೆ ಆ ಮಾತಿಗೆ ನನಗೆ ನಾಚಿಕೆಯಿತ್ತು. ತಾನಾಗಿ ಹೋದವನ ತಾಯಿ ನಾನು. ಎಳೆಸಿಕೊಂಡು ಹೋದವನ ತಾಯಿ ಆಗಲಾರೆ. ಇನ್ನೊಬ್ಬ ಹೆಂಗಸಿನ ಮಗನನ್ನು ಎಳೆದೊಯ್ಯಿರಿ ಎಂದು ವೇದಿಕೆಯ ಮೇಲಿಂದಂತೂ ಹೇಳಲಾರೆ. ನಾನು ಯಾವುದಕ್ಕೆ ಗುರುತು ಹಾಕುತ್ತೇನೆ ಎಂದು ನಿನಗೆ ಈಗ ಗೊತ್ತಾಗಿರಬೇಕು. ನಿನ್ನ ಗಂಡನಿಗೂ ಹೇಳು, ಯಾರು ಕೇಳಿದರೂ ಹೇಳಲಿ.

ಇನ್ನು ನೀವಿಬ್ಬರೂ ಮಾಡಬೇಕಾದ್ದು. ಆರ್ಚಿ ಕಾಲರು ಬಿಚ್ಚಿಟ್ಟು, ಅಂಗಿಯ ತೋಳು ಮಡಚಿ, ಹಿತ್ತಲಿನಿಂದ ಲವಿನಿಯಾಳ ಮನೆಗೆ ಹೋಗಲಿ. ಕ್ಷಮೆ ಕೇಳಲಿ. ‘ಆದರೆ’ ಎಂಬ ಮಾತು ಬಾಯಿಂದ ಬರಕೂಡದು. ನೀನು ಮದುವೆಯ ಮರುದಿನ ಉಟ್ಟ ನೀಲಿ ಉಡುಪನ್ನು ಹ್ಯೂ ಕೈಯಲ್ಲಿ ಕಳಿಸು. ಮುಖ ಸಿಂಡರಿಸಬೇಡ, ಅದು ನಿನಗೆ ಈಗ ಸೊಂಟಕ್ಕೆ ಹಿಡಿಯುತ್ತದೆ. ಅಂಚು ಮಡಚಿ ಅವಳ ಅಳತೆಗೆ ನಾನೇ ಹೊಲಿದು ಕೊಡುತ್ತೇನೆ. ಬದುಕಿರುವ ಮಗನ ತಾಯಿ ಬೀದಿಯಲ್ಲಿ ಸೂತಕದ ಕಪ್ಪು ಉಟ್ಟು ಓಡಾಡುವುದನ್ನು ನಾನು ನೋಡಲಾರೆ.

ನನ್ನ ಬಗ್ಗೆ ಚಿಂತೆ ಬೇಡ. ನಾನು ಲವಿನಿಯಾಳ ಹಾಗಲ್ಲ. ಪಾದ್ರಿಯನ್ನು ಕಂಡು ಚಿಲಕ ಹಾಕುವವಳಲ್ಲ. ಆರ್ಚಿ ನಿನ್ನನ್ನು ನೋಡಲು ನಮ್ಮ ಓಣಿಯಲ್ಲಿ ಶಿಳ್ಳೆ ಹಾಕುತ್ತ ಬರುತ್ತಿದ್ದ ಕಾಲದಿಂದ ಬಲ್ಲೆ. ಪಾದ್ರಿಯಾಗುವವನಿಗೆ ಶಿಳ್ಳೆ ಶೋಭಿಸುವುದಿಲ್ಲ ಎಂದು ಗದರಿ ನಿಲ್ಲಿಸಿದವಳೂ ನಾನೇ. ಅವನಿಗೆ ನಾನು ಹೆದರುವುದೇ?

ಕೋಪದಲ್ಲಿಯೂ ನಿನ್ನ ತಾಯಿಯೇ ಆಗಿರುವ,
ಹೆಸ್ಟರ್ ಮಕ್ರೇ

ಮರೆತ ಮಾತು: ಇದನ್ನು ಆರ್ಚಿಗೆ ಓದಲು ಕೊಡಬೇಡ, ನೀನೇ ಬಾಯಲ್ಲಿ ಹೇಳು. ಇನ್ನು ಮುಂದೆ ನಮ್ಮ ಮನೆಗೆ ಬರುವಾಗ ಸೇತುವೆಯ ಹತ್ತಿರದಿಂದಲೇ ಶಿಳ್ಳೆ ಹಾಕುತ್ತ ಬರಲಿ. ಯಾವ ಹಾಡಾದರೂ ಸರಿ, ಗಟ್ಟಿಯಾಗಿ ಹಾಕಲಿ, ಅಡುಗೆಮನೆಗೆ ಕೇಳಬೇಕು. ಶಿಳ್ಳೆಯಿಲ್ಲದೆ ಬರುವ ದಿನ ಬಂದರೆ, ಅವನು ಗೇಟಿಗೆ ಬರುವಷ್ಟರಲ್ಲಿ ನಾನು ಏಪ್ರನ್ ಬಿಚ್ಚಿಟ್ಟು ಮುಂಬಾಗಿಲು ತೆರೆದು ನಿಂತಿರುತ್ತೇನೆ. ಅವನು ಬಾಗಿಲು ತಟ್ಟುವುದು ಬೇಡ.