ಬುಟ್ಟಿಯಲ್ಲೊಂದು ತೋಳಹಣ್ಣು

ಓಸ್ಮೊ,

ಒಂದಾನೊಂದು ಕಾಲದಲ್ಲಿ ತೋಳವೊಂದು ನೀಲಿಹಣ್ಣಿನ ಪೊದೆಗಳ ನಡುವೆ ತನ್ನದೂ ಒಂದು ವಿಷದ ಹಣ್ಣು ಬೆಳೆಸಿತಂತೆ. ಅಜ್ಜಿಯ ಆ ಕಥೆಯ ಗುಂಗಿನಲ್ಲೇ ನಿನ್ನೆ ಕಾಡಲ್ಲಿ ಹಲ್ಲಿನ ಬಾಚಣಿಗೆಯಿಂದ ಪೊದೆಗಳ ಹಣ್ಣು ಬಾಚಿದೆ. ನಾಲ್ಕೆಲೆಯ ಆ ವಿಷದ ತೋಳಹಣ್ಣಿನ ಗಿಡವನ್ನೂ ಬಾಚಿಬಿಟ್ಟೆನೇನೋ ಅಂತ ಈಗ ಅನುಮಾನ.

ನಾನು ಏಳರ ಬಸ್ಸಿಗೆ ಹೊರಟೆ. ಬುಟ್ಟಿ ಸೌನಾದ, ಆ ಹಬೆಸ್ನಾನದ ಕೋಣೆಯ, ಬೆಂಚಿನ ಮೇಲಿದೆ. ಎದ್ದ ಕೂಡಲೇ ಬಿಳಿ ಬಟ್ಟೆಯ ಮೇಲೆ ಹರಡಿ ಒಂದೊಂದನ್ನೇ ನೋಡು. ನೀಲಿಹಣ್ಣಿನ ನೆತ್ತಿಯಲ್ಲಿ ಬಳೆಯಂಥ ಗುರುತಿರುತ್ತೆ. ತೋಳಹಣ್ಣು ನುಣ್ಣಗೆ, ಕೊಂಚ ದಪ್ಪ. "ಕನಸಿನ ರಾಣಿ" ಅಂತ ಆಮೇಲೆ ಆಡಿಕೊಳ್ಳುವೆಯಂತೆ.

ಆಸ್ಪತ್ರೆಯಿಂದ ಬಂದು ಮೂರು ದಿನವಾದರೂ ಅಜ್ಜಿ ಏನೂ ಮುಟ್ಟಿಲ್ಲ. "ನಾಲಿಗೆ ನೀಲಿಯಾಗೋ ಸಾರು ಕೊಡು, ಬೇರೇನೂ ಬೇಡ ಕಣೇ" ಅಂತಾಳೆ. ಹಣ್ಣು ನಾನೇ ಆರಿಸಿಡ್ತೀನಿ ಅಂತ ಮಾತು ಕೊಟ್ಟಿದ್ದೆ. ಸತ್ವವೆಲ್ಲ ಆ ಊದಾ ಬಣ್ಣದಲ್ಲೇ ಅಂತ ನರ್ಸ್ ಹೇಳಿದ್ದಾಳೆ. ಸಿಪ್ಪೆ ಸೋಸಬೇಡ, ಹೆಚ್ಚು ಕುದಿಸಬೇಡ.

ಇಷ್ಟು ಬರೆದಿಟ್ಟು ಬಾಗಿಲವರೆಗೂ ಹೋದವಳು, ಕೊಟ್ಟ ಮಾತು ನೆನಪಾಗಿ ವಾಪಸ್ ಬಂದೆ. ಏಳರ ಬಸ್ಸು ಹೋಯಿತು, ಹೋಗಲಿ. ಕೊನೆಯ ಹಣ್ಣಿನವರೆಗೂ ನಾನೇ ನೋಡಿದೆ. ತೋಳಹಣ್ಣು ಒಂದೇ ಒಂದು ಸಿಕ್ಕಿತು, ಒಡೆಯದೆ ಇಡಿಯಾಗಿ. ಒಲೆಗೆ ಹಾಕಿದೆ. ಉಳಿದದ್ದನ್ನು ತೊಳೆದು ಪಾತ್ರೆಯಲ್ಲಿಟ್ಟಿದ್ದೇನೆ. ಹೆದರಬೇಡ, ಸಾರು ಮಾಡಿ ಅಜ್ಜಿಗೆ ಕೊಡು.

ವೇನ್ಲಾ