ಮೈಬಣ್ಣ

ನಾರಾಯಣಪೇಟ
ಮಂಗಳವಾರ, ೧೨ ನವೆಂಬರ್ ೨೦೨೪

ನಮ್ಮ ನವನೀತಾಗೆ ದೊಡ್ಡವ್ವನ ಮುದ್ದು.

ಹೇಗಿದ್ದೀಯ ತಾಯಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಹೈದರಾಬಾದಿನ ಆ ಔಷಧಿ ಅಂಗಡಿಯಲ್ಲಿ ದಿನವೆಲ್ಲ ನಿಂತು ಕಾಲು ಊದಿಸಿಕೊಂಡಿದ್ದೀಯೋ? ನಾನು ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ನಿನ್ನ ಗೆಳತಿ ರಜಿನಿಯ ಹತ್ತಿರ ವಿಳಾಸ ಇಸಿದುಕೊಂಡು ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲವಲ್ಲ. ಮಗ್ಗದ ಗುಂಡಿಗೆ ಇಳಿಯುವಾಗ ಒಂದು ಸಲ, ಏರುವಾಗ ಒಂದು ಸಲ ನನ್ನ ಮೊಣಕಾಲು ನಿನ್ನ ಹೆಸರು ಹಿಡಿದು ಕರೆಯುತ್ತದೆ. ಉಳಿದಂತೆ ಗಟ್ಟಿಯಾಗಿದ್ದೇನೆ. ಈ ವಾರವಂತೂ ಬಹಳ ಗಟ್ಟಿಯಾಗಿದ್ದೇನೆ, ಯಾಕೆಂದರೆ ಅಂಜನಕುಮಾರನ ಮೇಲೆ ಸೇಡು ತೀರಿಸಿಕೊಂಡೆ.

ಆ ಹೆಸರು ಓದಿದ ಕೂಡಲೇ ಕಾಗದ ಹರಿಯಬೇಡ. ಎರಡು ವರ್ಷದ ಹಿಂದೆ ಅವನು ತನ್ನ ಸೀರೆ ಅಂಗಡಿಯ ಜಾಹೀರಾತಿಗೆ ನಿನ್ನ ಫೋಟೊ ತೆಗೆಸಿದ. ನಾನೇ ನೇಯ್ದ ಕೆಂಪು ಅಂಚಿನ ಸೀರೆ ಉಟ್ಟು ಎಷ್ಟು ಚೆಂದ ನಿಂತಿದ್ದೆ ನೀನು. ಮಕ್ತಲ್ ಬಸ್ ನಿಲ್ದಾಣದ ಎದುರು ಆ ಬೋರ್ಡು ಏರಿದಾಗ ಇಬ್ಬರೂ ನೋಡಲು ಹೋದೆವು. ಕಂಪ್ಯೂಟರಿನಲ್ಲಿ ನಿನ್ನ ಮುಖಕ್ಕೆ ಸುಣ್ಣ ಹೊಡೆದಂತೆ ಮಾಡಿದ್ದರು, ಕೈಗಳನ್ನು ಮರೆತಿದ್ದರು. ಬಸ್ಸಿಗೆ ಕಾದವರು ಮುಖ ಒಬ್ಬಳದು, ಕೈ ಇನ್ನೊಬ್ಬಳದು ಎಂದು ನಕ್ಕರು. ನೀನು ಅವನ ಅಂಗಡಿಯೊಳಗೆ ಹೋಗಿ ಕೇಳಿದೆ, ನಾನು ಹೊಸ್ತಿಲಾಚೆ ನಿಂತೆ. ಅವನೂ ನಕ್ಕ. "ಹೆಸರು ನವನೀತ, ಅಂದ್ರ ಬೆಣ್ಣಿ. ಮೈ ನೋಡಿದ್ರ ಇದ್ಲಿ. ನಾವರ ಏನ್ ಮಾಡೂಣು?" ಅಂದದ್ದು ಹೊರಗಿನವರೆಗೂ ಕೇಳಿಸಿತು. ಮರುದಿನ ಹೈದರಾಬಾದಿನ ಬಸ್ಸು ಹತ್ತಿದವಳು ನೀನು ಇವತ್ತಿಗೂ ಮನೆಗೆ ಬಂದಿಲ್ಲ. ನಾನು ಅವನು ಕೊಟ್ಟ ನೂಲಿನಲ್ಲೇ ನೇಯ್ದು ಹೊಟ್ಟೆ ಹೊರೆದೆ, ನಿಜ. ಒಂದೊಂದು ಸೀರೆಗೂ ಹಲ್ಲು ಕಡಿದುಕೊಂಡೇ ನೇಯ್ದೆ.

ದಸರೆಗೆ ಮುಂಚೆ ಅವನೇ ಮನೆಗೆ ಬಂದ. ಹೈದರಾಬಾದಿನಲ್ಲಿ ಕೈಮಗ್ಗದ ಪ್ರದರ್ಶನವಂತೆ, ಹೊರದೇಶದವರೂ ಬರುತ್ತಾರಂತೆ, ಬಾಗಿಲಲ್ಲೇ ತೂಗುಹಾಕಲು ದೊಡ್ಡ ಚಿತ್ರದ ಬಟ್ಟೆ ಬೇಕಂತೆ. ಏಳು ದೇಶದ ಏಳು ಮಕ್ಕಳು ಕೈ ಕೈ ಹಿಡಿದು ನಿಂತದ್ದು, ಮೇಲೆ 'ಎಲ್ಲ ಬಣ್ಣವೂ ಸಮಾನ' ಎಂಬ ಅಕ್ಷರ. ಆ ಮಾತನ್ನು ಅವನ ಬಾಯಲ್ಲಿ ಕೇಳಿ ನನಗೆ ನಗು ತಡೆಯುವುದು ಕಷ್ಟವಾಯಿತು. ಚೌಕಳಿ ಹಾಳೆಯ ನಕ್ಷೆ ಹರಡಿದ. ಆರು ಮುಖಗಳ ಮೇಲೆ 'ಮೈಬಣ್ಣ' ಎಂದು ಬರೆದಿತ್ತು. ನಿನಗೇ ಗೊತ್ತು, ನಮ್ಮ ಕೇರಿಯಲ್ಲಿ ಮೈಬಣ್ಣ ಕೊಡಿ ಅಂದರೆ ಕೆನೆಬಣ್ಣದ ನೂಲು ಕೊಡುತ್ತಾರೆ. ಅದು ಯಾರ ಮೈ ಎಂದು ನಲವತ್ತು ವರ್ಷದಲ್ಲಿ ನಾನೂ ಕೇಳಿರಲಿಲ್ಲ. ನಮ್ಮ ದೇಶದ ಹುಡುಗಿಗೂ ಅದೇ ಕೆನೆ. ಏಳನೆಯವಳು ಆಫ್ರಿಕದವಳು, ಅವಳಿಗೊಬ್ಬಳಿಗೆ 'ಕಪ್ಪು' ಎಂದು ಬರೆದು, ಎಲ್ಲರಿಗಿಂತ ಗಿಡ್ಡ ಮಾಡಿ ಮೂಲೆಗೆ ನಿಲ್ಲಿಸಿದ್ದ. ನಾನು ಹಾಳೆ ಮಡಿಸಿ ಇಟ್ಟುಕೊಂಡು ಒಪ್ಪಿಕೊಂಡೆ.

ಮೊದಲು ಹೊಳೆದದ್ದು ಬೇರೆ ಉಪಾಯ. ಮೂಲೆಯಲ್ಲಿ ಅವನನ್ನೇ ನೇಯ್ದು ಮುಖಕ್ಕೆ ಮಸಿ ಬಳಿಯಬೇಕೆಂದುಕೊಂಡೆ. ಬೇರೆ ತುಂಡಿನಲ್ಲಿ ನೇಯ್ದೂ ನೋಡಿದೆ, ಹೊಟ್ಟೆ ಮೀಸೆ ಎಲ್ಲ ಅವನದೇ ಬಂತು. ಮುಖಕ್ಕೆಂದು ಕಪ್ಪು ನೂಲು ಸುತ್ತಿದ ಕಂಡಿಕೆ ಎತ್ತಿಕೊಂಡಾಗ ಕೈ ನಿಂತುಹೋಯಿತು. ಯಾರದಾದರೂ ಮಾನ ಕಳೆಯಬೇಕೆಂದರೆ ನಮ್ಮ ಬಾಯಿಗೆ ಮಸಿಯೇ ಬರುತ್ತದಲ್ಲ. ಕಪ್ಪೇ ಅವಮಾನ ಅನ್ನುವುದಾದರೆ ಅವನಿಗೂ ನನಗೂ ಏನು ವ್ಯತ್ಯಾಸ? ನೇಯ್ದದ್ದನ್ನೆಲ್ಲ ಎಳೆ ಎಳೆಯಾಗಿ ಬಿಚ್ಚಿಹಾಕಿದೆ.

ಆಮೇಲೆ ನೂಲಿಗೆ ಬಣ್ಣ ಹಾಕುವ ಮೊಗುಲಮ್ಮನ ಹತ್ತಿರ ನಿನ್ನ ಹತ್ತನೆಯ ತರಗತಿಯ ಫೋಟೊ ಒಯ್ದೆ. ಈ ಮೈಬಣ್ಣ ಬೇಕು ಅಂದೆ. ಒಂದು ಸಲ ಇಟ್ಟಿಗೆಯ ಹಾಗೆ ಬಂತು, ಇನ್ನೊಂದು ಸಲ ಮಂಕಾಯಿತು. ಮೂರನೆಯ ಸಲಕ್ಕೆ ಹುಣಸೆಬೀಜದ ಸಿಪ್ಪೆಯ ಬಣ್ಣ ಹೊಳೆಯಿತು, ನಿನ್ನದೇ. ಅವನ ಹಾಳೆಯ ಹಿಂಬದಿಯಲ್ಲಿ ನನ್ನ ನಕ್ಷೆ ಬರೆದುಕೊಂಡೆ. ಏಳು ಮಕ್ಕಳು, ಏಳು ಮೈಬಣ್ಣ, ಒಂದೇ ಎತ್ತರ. ಕೆನೆ ಒಬ್ಬನಿಗೆ ಮಾತ್ರ. ಆಫ್ರಿಕದ ಹುಡುಗಿ ನಟ್ಟನಡುವೆ, ಅವಳ ಕೈ ಹಿಡಿದು ಗದ್ದದ ಮಚ್ಚೆಯ ಸಮೇತ ನೀನು. ನೇಯುವಾಗ ಚಿತ್ರ ಕಾಲಿನಿಂದ ಮೇಲಕ್ಕೆ ಏರುತ್ತದೆ, ನೇಯ್ದದ್ದು ನೇಯ್ದಂತೆ ಮಗ್ಗದ ದಿಂಡಿಗೆ ಸುತ್ತಿಕೊಳ್ಳುತ್ತದೆ, ನೋಡಲು ಸಿಗುವುದು ಒಂದು ಗೇಣು ಬಟ್ಟೆ. ಅಂಜನಕುಮಾರ ಎರಡು ಸಲ ಬಂದು ಬೂಟು, ಲಂಗ ನೋಡಿ ಭೇಷ್ ಎಂದು ಹೋದ. ಯಾವ ಲಂಗ ಯಾರದೆಂದು ಅವನಿಗೆ ಹೊಳೆಯಲಿಲ್ಲ.

ನಿನ್ನೆ ಬಟ್ಟೆ ಇಳಿಸಿ ಅಂಗಳದಲ್ಲಿ ಹಾಸಿದೆ. ಅವನು ಬಗ್ಗಿ ಒಂದೊಂದೇ ಮುಖ ನೋಡಿ, "ಮೈಬಣ್ಣ ಅಂತ ಬರ್ದಿದ್ನೆಲ್ರೀ ಅಕ್ಕಾರ?" ಅಂದ.

"ಮೈಬಣ್ಣಾನೇ ಐತಿ," ಅಂದೆ. "ನಮ್ಮ ನವನೀತಾನ ಮೈ."

ಶನಿವಾರವೇ ಪ್ರದರ್ಶನ. ಆಹ್ವಾನ ಪತ್ರಿಕೆಯಲ್ಲಿ ಈ ಬಟ್ಟೆಯ ವಿಷಯ ಅಚ್ಚಾಗಿಹೋಗಿದೆ, ಇನ್ನೊಂದು ನೇಯಲು ತಿಂಗಳು ಬೇಕು. ಹಲ್ಲು ಕಚ್ಚುವ ಸರದಿ ಅವನದಾಯಿತು. ಬಟ್ಟೆ ಮಡಿಸಿ ಕಾರಿಗೆ ಹಾಕಿಕೊಂಡು, ಇನ್ನು ನಿಮಗೆ ನನ್ನ ನೂಲಿಲ್ಲ ಎಂದು ಹೇಳಿ ಹೋದ. ಹೋಗಲಿ, ನೇಕಾರರ ಸೊಸೈಟಿಯಲ್ಲಿ ಕೇಳಿದ್ದೇನೆ. ಶನಿವಾರ ಅವನು ಕೋಟು ಹಾಕಿಕೊಂಡು ನಿನ್ನ ಮುಖದ ಕೆಳಗೆ ನಿಂತು ಸಮಾನತೆಯ ಭಾಷಣ ಮಾಡಬೇಕು. ಅದನ್ನು ನೆನೆದು ನಿನ್ನೆ ಎರಡು ರೊಟ್ಟಿ ಹೆಚ್ಚಿಗೆ ಉಂಡೆ. ನೀನು ಹೋಗಿ ಆ ಬಟ್ಟೆಯ ಪಕ್ಕದಲ್ಲಿ ನಿಲ್ಲು ತಾಯಿ. ಮಾತಾಡಬೇಡ, ಸುಮ್ಮನೆ ನಿಲ್ಲು.

ರಜಿನಿಗೂ ನನ್ನ ಆಶೀರ್ವಾದ ತಿಳಿಸು. ಬಸವಣ್ಣ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ದೊಡ್ಡವ್ವ,
ಬಸವೇಶ್ವರಿ

ಮರೆತಿದ್ದೆ ಎಂದರೆ ಸುಳ್ಳಾದೀತು, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಅವತ್ತು ನಾನು ಅಂಗಡಿಯೊಳಗೆ ಯಾಕೆ ಬರಲಿಲ್ಲ ಗೊತ್ತೇ? ಬೋರ್ಡು ಅಚ್ಚಾಗುವ ಮೊದಲು ಅಂಜನಕುಮಾರ ನನ್ನನ್ನು ಕೇಳಿದ್ದ, ಹುಡುಗಿಯನ್ನು ಸ್ವಲ್ಪ ಬೆಳ್ಳಗೆ ಮಾಡಿಸಲೇ ಎಂದು. "ಮಾಡಸ್ರಿ, ನಾಕು ಸಂಬಂಧ ಬರ್ತಾವ" ಎಂದವಳು ನಾನು. ಬಟ್ಟೆಯ ಎಡ ತುದಿಯಲ್ಲಿ ಪೌಡರ್ ಡಬ್ಬಿ ಹಿಡಿದ ಒಂದು ಹೆಂಗಸಿನ ಕೈ ಇದೆ. ಬಳೆ ನೋಡಿದರೆ ನಿನಗೆ ಗುರುತು ಸಿಗುತ್ತದೆ. ಅವನನ್ನು ನೋಡಿ ನಕ್ಕಾದ ಮೇಲೆ ಅದನ್ನೂ ನೋಡು, ಆಮೇಲೆ ನನ್ನ ಫೋನು ಎತ್ತಬೇಕೋ ಬೇಡವೋ ನೀನೇ ಯೋಚಿಸು. ಹೋಗುವಾಗ ಮುಖಕ್ಕೆ ಏನೂ ಹಚ್ಚಿಕೊಳ್ಳಬೇಡ.